ಹೊರಗಿದ್ದವರ ಪಾಲು ತೆಗೆದಿಡುವ ಹುಣ್ಣಿಮೆ

ಎರಿ ಹೊಲದ ಒಣಬೇಸಾಯಗಾರನಿಗೂ ಚೀನಾ ದೇಶದ ಹಬ್ಬಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನು ಓದಿದ್ದು ಏಳನೇ ಇಯತ್ತೆ. ಚೀನಾ ಕಂಡವನಲ್ಲ. ಆದರೆ ನಮ್ಮ ಅಣ್ಣನ ಮಗಳು ಆ ದೇಶದ ಹಾಂಗ್‌ಝೌ ಎಂಬ ಪಟ್ಟಣದಲ್ಲಿ ಡಾಕ್ಟರಿಕೆ ಓದಿದಳು. ನಡುವೆ ಕೊರೊನಾ ಬಂದು ಎರಡು ವರ್ಷಕ್ಕೂ ಹೆಚ್ಚು ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಕೇಳಿದಳು. ಮತ್ತೆ ಹೋಗಿ ಓದು ಮುಗಿಸಿ 2025ರ ಸೆಪ್ಟೆಂಬರ್ ಕೊನೆಗೆ ಊರಿಗೆ ಬಂದಳು. ಬರುವಾಗ ಒಂದು ಕೆಂಪು ಡಬ್ಬಿ ತಂದಿದ್ದಳು. ಒಳಗೆ ಅಂಗೈ ಅಗಲದ, ಎರಡು ಬೆರಳು ದಪ್ಪದ ನಾಲ್ಕು ದುಂಡನೆಯ ಬಿಲ್ಲೆಗಳು. ಮೇಲೆ ಹೂವಿನ ಅಚ್ಚು.

"ಇದೇನವ್ವಾ ತಂಗಿ, ಸಾಬೂನ ಏನು?" ಅಂದೆ.

"ಅಲ್ರೀ ಕಾಕಾ, ಇದು ಅಲ್ಲಿಯವರ ಹುಣ್ಣಿಮಿ ಹಬ್ಬದ ರೊಟ್ಟಿ. ಹಬ್ಬದ ದಿನಾನ ಕೊಯ್ಯಬೇಕು, ಅಲ್ಲೀತನಾ ಮುಟ್ಟಬ್ಯಾಡ್ರಿ" ಅಂದಳು.

ಆ ಹಬ್ಬ ಅಕ್ಟೋಬರ್ 6ಕ್ಕೆ ಇತ್ತು. ಕ್ಯಾಲೆಂಡರ್ ತಿರುವಿ ನೋಡಿದರೆ ಅದೇ ರಾತ್ರಿ ನಮ್ಮ ಶೀಗಿ ಹುಣ್ಣಿಮೆಯ ಚಂದ್ರ! ಅಲ್ಲಿಂದ ನನಗೆ ಕುತೂಹಲ ಹತ್ತಿತು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅವಳನ್ನು ಕೇಳಿದೆ. ಅವಳು ಪುಸ್ತಕದಲ್ಲಿ ಇದ್ದದ್ದನ್ನೂ ಓದಿ ಹೇಳಿದಳು. ತಿಳಿದದ್ದನ್ನು ನಮ್ಮ ಲೆಕ್ಕಕ್ಕೆ ಹಚ್ಚಿ ಇಲ್ಲಿ ಬರೆದಿದ್ದೇನೆ.

ಹೆಸರಿನಲ್ಲೇ ಲೆಕ್ಕ ಇದೆ

ಹಬ್ಬದ ಹೆಸರು ಝೊಂಗ್‌ಚ್ಯೂ. ಝೊಂಗ್ ಅಂದರೆ ನಡು, ಚ್ಯೂ ಅಂದರೆ ಸುಗ್ಗಿಯ ಶರತ್ಕಾಲ. ಚೀನಾದ ಚಾಂದ್ರ ಪಂಚಾಂಗದಲ್ಲಿ ಏಳು, ಎಂಟು, ಒಂಬತ್ತನೇ ತಿಂಗಳು ಶರತ್ಕಾಲಕ್ಕೆ ಸೇರಿದವು. ಎಂಟನೇ ತಿಂಗಳ ಹದಿನೈದನೇ ದಿನ ಈ ಮೂರು ತಿಂಗಳ ನಟ್ಟನಡುವೆ ಬರುತ್ತದೆ. ಅದೇ ಹಬ್ಬದ ದಿನ. ಅಮಾವಾಸ್ಯೆಯಿಂದ ತಿಂಗಳು ಎಣಿಸುವುದರಿಂದ ಹದಿನೈದನೇ ದಿನ ಅಂದರೆ ಹುಣ್ಣಿಮೆ, ಹೆಚ್ಚು ಕಡಿಮೆ ಒಂದು ದಿನದ ಫರಕು.

ಅವರ ಎಂಟನೇ ತಿಂಗಳು ಸಾಮಾನ್ಯವಾಗಿ ನಮ್ಮ ಭಾದ್ರಪದ. ಹಾಗಾಗಿ 2024ರಲ್ಲಿ ಸೆಪ್ಟೆಂಬರ್ 17ಕ್ಕೆ, ನಮ್ಮ ಅನಂತನ ಹುಣ್ಣಿಮೆ ಆಸುಪಾಸಿಗೆ ಹಬ್ಬ ಬಂತು. ಮತ್ತೆ 2025ರಲ್ಲಿ ಶೀಗಿ ಹುಣ್ಣಿಮೆಗೆ ಹೇಗೆ ಬಂತು? ಇದಕ್ಕೆ ಕಾರಣ ಅಧಿಕ ಮಾಸ. ಚಂದ್ರನ ಹನ್ನೆರಡು ತಿಂಗಳು ಕೂಡಿದರೆ 354 ದಿನ. ಸೂರ್ಯನ ವರ್ಷ 365 ದಿನ. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಸುಮ್ಮನೆ ಬಿಟ್ಟರೆ ಸುಗ್ಗಿ ಹಬ್ಬ ಹೋಗಿ ಬೇಸಿಗೆಯಲ್ಲಿ ಕೂತುಬಿಡುತ್ತದೆ. ಅದಕ್ಕೆ ನಾವೂ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತೇವೆ, ಅವರೂ ಸೇರಿಸುತ್ತಾರೆ. ನಮಗೆ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅವರಿಗೆ 2025ರಲ್ಲಿ ಆರನೇ ತಿಂಗಳು ಎರಡು ಸಲ ಬಂತು. ಹಾಗಾಗಿ ಆ ವರ್ಷ ಅವರ ಎಂಟನೇ ತಿಂಗಳು ಹಿಂದೆ ಸರಿದು ನಮ್ಮ ಆಶ್ವೀಜಕ್ಕೆ ಕೂತಿತು.

ಹಬ್ಬ ಚಂದ್ರನದು, ಬಿತ್ತಿಗೆ ಸೂರ್ಯನದು

ಇಲ್ಲಿ ರೈತರು ಗಮನಿಸಬೇಕಾದ ಮಾತೊಂದಿದೆ. ಹಬ್ಬಕ್ಕೆ ಚಂದ್ರನನ್ನು ನಂಬಿದ ಚೀನಾದ ಒಕ್ಕಲಿಗ, ಬಿತ್ತಿಗೆಗೆ ಚಂದ್ರನನ್ನು ನಂಬಲಿಲ್ಲ. ಅದಕ್ಕೆ ಸೂರ್ಯನ ಲೆಕ್ಕ ಬೇರೆ ಇಟ್ಟುಕೊಂಡ. ವರ್ಷವನ್ನು 24 ಭಾಗ ಮಾಡಿ, ಸುಮಾರು 15 ದಿನಕ್ಕೊಂದು ಹೆಸರು ಕೊಟ್ಟ. ಕಾಳಿನ ಮಳೆ, ಬಿಳಿ ಇಬ್ಬನಿ, ತಂಪು ಇಬ್ಬನಿ, ಹಿಮ ಬೀಳುವುದು, ಹೀಗೆ. ಬಿಳಿ ಇಬ್ಬನಿ ಸೆಪ್ಟೆಂಬರ್ 7-8ಕ್ಕೆ ಶುರು. ಹಗಲು-ರಾತ್ರಿ ಸಮ ಆಗುವ ದಿನ ಸೆಪ್ಟೆಂಬರ್ 22-23. ತಂಪು ಇಬ್ಬನಿ ಅಕ್ಟೋಬರ್ 8ರ ಸುಮಾರಿಗೆ.

ಕೇಳಿದ ಕೂಡಲೇ ನಾನು ಅಂದೆ, "ಇದು ನಮ್ಮ ಮಳಿ ನಕ್ಷತ್ರದ ಲೆಕ್ಕಾನ ಆತಲ್ಲವ್ವಾ!" ರೋಹಿಣಿ, ಮಿರಗ, ಆರಿದ್ರಾ, ಹಸ್ತ, ಚಿತ್ತಿ, ಸ್ವಾತಿ ಅಂತ ನಾವು ಎಣಿಸುವುದೂ ಸೂರ್ಯನ ಲೆಕ್ಕವೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಅದಕ್ಕೇ ಮಿರಗ ಪ್ರತಿ ವರ್ಷ ಜೂನ್ ಮೊದಲ ವಾರಕ್ಕೇ ಕೂಡುತ್ತದೆ, ಯುಗಾದಿ ಮಾತ್ರ ಹಿಂದೆ ಮುಂದೆ ಆಗುತ್ತದೆ. ಎರಡು ದೇಶದ ರೈತರು ಒಬ್ಬರನ್ನೊಬ್ಬರು ಕೇಳದೆ ಒಂದೇ ಹಾದಿ ಹಿಡಿದಿದ್ದಾರೆ.

ಆ 24 ಕಾಲಗಳ ತಿಳಿವಳಿಕೆಯನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆ ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ನಮ್ಮ ಮಳೆ ನಕ್ಷತ್ರದ ಗಾದೆಗಳು ಇನ್ನೂ ಮುದುಕರ ಬಾಯಲ್ಲೇ ಇವೆ. ಅವರ ಜೊತೆಗೇ ಹೋಗುವ ಮೊದಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸುಗ್ಗಿಯ ಬೆಳದಿಂಗಳು

ಈ ಹುಣ್ಣಿಮೆ ಹೊತ್ತಿಗೆ ಚೀನಾದಲ್ಲಿ ಸುಗ್ಗಿ. ಉತ್ತರದ ಬಯಲಲ್ಲಿ ಗೋವಿನಜೋಳ, ನವಣೆ, ಜೋಳ, ಸೋಯಾ ಕಟಾವಿಗೆ ಬರುತ್ತವೆ. ಅವು ಕಣಕ್ಕೆ ಬಂದ ಮೇಲೆ ಚಳಿಗಾಲದ ಗೋಧಿ ಬಿತ್ತಿಗೆ. ದಕ್ಷಿಣದಲ್ಲಿ ಭತ್ತದ ಕೊಯ್ಲು. ಒಟ್ಟಿನಲ್ಲಿ ಕೈಬಿಡುವಿಲ್ಲದ ಕಾಲ.

ಈ ಹುಣ್ಣಿಮೆಗೆ ಇನ್ನೊಂದು ಗುಣ ಇದೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ. ಆಮೇಲೆ ದಿನಾ ಸರಾಸರಿ 50 ನಿಮಿಷ ತಡ. ಆದರೆ ನಮಗಿಂತ ಉತ್ತರಕ್ಕಿರುವ ದೇಶಗಳಲ್ಲಿ ಈ ಕಾಲದಲ್ಲಿ ಅರ್ಧ ತಾಸಿನಷ್ಟೇ ತಡ. ಅಂದರೆ ಹುಣ್ಣಿಮೆ ಆದ ಮೇಲೂ ನಾಲ್ಕಾರು ದಿನ, ಕತ್ತಲಾಗುತ್ತಿದ್ದಂತೆ ಬೆಳದಿಂಗಳು ಸಿಗುತ್ತದೆ. ಕರೆಂಟು ಇಲ್ಲದ ಕಾಲದಲ್ಲಿ ತೆನೆ ಮುರಿಯುವವನಿಗೆ, ರಾಶಿ ಮಾಡುವವನಿಗೆ ಇದು ದೊಡ್ಡ ಉಪಕಾರ. ಚಂದ್ರನಿಗೆ ಕೈ ಮುಗಿಯುವುದಕ್ಕೆ ರೈತನಿಗೆ ಇದಕ್ಕಿಂತ ಬೇರೆ ಕಾರಣ ಬೇಕೇ?

ನವಣೆ ಅಂದಾಗ ನನಗೆ ಇನ್ನಷ್ಟು ಹತ್ತಿರ ಅನಿಸಿತು. ನವಣೆ, ಬರಗು ಎರಡನ್ನೂ ಮೊದಲು ಊರ ಬೆಳೆ ಮಾಡಿಕೊಂಡವರು ಉತ್ತರ ಚೀನಾದ ಒಕ್ಕಲಿಗರು, ಸಾವಿರಾರು ವರ್ಷಗಳ ಹಿಂದೆ. ಅಲ್ಲಿ ಆಹಾನ್ ಎಂಬ ಸೀಮೆ ಇದೆ. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ, ನಮಗಿಂತ ಕಡಿಮೆ. ಅಲ್ಲಿ ಸಿಕ್ಕ ಹಳೆಯ ಕಾಳು ಸುಮಾರು 8000 ವರ್ಷದ್ದು ಅನ್ನುತ್ತಾರೆ. ಇವತ್ತೂ ನವಣೆ ಬೆಳೆಯುತ್ತಾರೆ. 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಲ್ಲಿನ ಒಣಬೇಸಾಯವನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳಲ್ಲಿ ಒಂದು ಅಂತ ಗುರುತಿಸಿತು. ನನ್ನ ಅಪ್ಪ ಮಸಾರಿ ಹೊಲದಲ್ಲಿ ನವಣೆ ಬಿತ್ತುತ್ತಿದ್ದ. ಅದರ ತವರು ಅಷ್ಟು ದೂರ ಅಂತ ಅವನಿಗೂ ಗೊತ್ತಿರಲಿಲ್ಲ.

ಅರಮನೆಯಿಂದ ಅಂಗಳಕ್ಕೆ

ಮೊದಲು ಇದು ಅರಸರ ಪೂಜೆ. ವಸಂತದಲ್ಲಿ ಸೂರ್ಯನಿಗೆ, ಶರತ್ಕಾಲದಲ್ಲಿ ಚಂದ್ರನಿಗೆ ರಾಜ ಪೂಜೆ ಸಲ್ಲಿಸುವ ಪದ್ಧತಿ ಬಹಳ ಹಳೆಯದು. ಬೀಜಿಂಗ್ ಪಟ್ಟಣದಲ್ಲಿ 1530ರಲ್ಲಿ ಕಟ್ಟಿಸಿದ ಚಂದ್ರನ ಗುಡಿ ಇದ್ದು, ಈಗ ಅದರ ಸುತ್ತ ಉದ್ಯಾನ ಇದೆ. ಟಾಂಗ್ ರಾಜರ ಕಾಲದಲ್ಲಿ, ಅಂದರೆ 618ರಿಂದ 907ರ ನಡುವೆ, ಬೆಳದಿಂಗಳು ನೋಡುತ್ತ ಕೂಡುವ ರೂಢಿ ಬೆಳೆಯಿತು. ಮುಂದೆ ಸಾಂಗ್ ರಾಜರ ಕಾಲಕ್ಕೆ ಜನರ ಹಬ್ಬವಾಯಿತು. ಬಿಲ್ಲೆ ಹಂಚುವ ಪದ್ಧತಿ ಎಲ್ಲ ಕಡೆ ಹಬ್ಬಿದ್ದು 1368ರ ನಂತರದ ಮಿಂಗ್ ರಾಜರ ಕಾಲದಲ್ಲಿ.

ಹಳ್ಳಿಯ ಪೂಜೆ ಸಾದಾ. ಅಂಗಳದಲ್ಲಿ ಚಂದ್ರನ ಕಡೆ ಮುಖ ಮಾಡಿ ಒಂದು ಮೇಜು. ಮೇಲೆ ಊದಿನಕಡ್ಡಿ, ದುಂಡನೆಯ ಬಿಲ್ಲೆ, ಆ ಕಾಲಕ್ಕೆ ಬಂದ ಹಣ್ಣು-ಗಡ್ಡೆ. ದಕ್ಷಿಣದಲ್ಲಿ ಚಕ್ಕೋತ, ಕೆಸವಿನ ಗಡ್ಡೆ. ಉತ್ತರದಲ್ಲಿ ದ್ರಾಕ್ಷಿ, ದಾಳಿಂಬೆ, ಕಮಲದ ಎಸಳಿನಂತೆ ಕೊಯ್ದ ಕಲ್ಲಂಗಡಿ. ಹೊಲದಲ್ಲಿ ಏನು ಬಂತೋ ಅದೇ ನೈವೇದ್ಯ. ಉತ್ತರದ ಕಡೆ ಈ ಪೂಜೆ ಹೆಚ್ಚಾಗಿ ಹೆಣ್ಣುಮಕ್ಕಳದು. ನಮ್ಮ ಗೌರಿ ಹುಣ್ಣಿಮೆ ನೆನಪಾಗುತ್ತದೆ.

ಮಕ್ಕಳು ಕಾಗದದ ದೀಪ ಹಿಡಿದು ಓಡಾಡುತ್ತಾರೆ. ಬೀಜಿಂಗ್‌ನಲ್ಲಿ ಮಕ್ಕಳಿಗೆ ಮಣ್ಣಿನ ಮೊಲದ ಗೊಂಬೆ ಕೊಡಿಸುತ್ತಾರೆ. ಹಾಂಗ್‌ಝೌನಲ್ಲಿ ಈ ಹೊತ್ತಿಗೆ ಗುಯಿಹುವಾ ಎಂಬ ಮರ ಹೂ ಬಿಡುತ್ತದೆ. ಮಲ್ಲಿಗೆ ಕುಟುಂಬದ ಮರ, ಹೂ ಸಾಸಿವೆ ಹೂವಿನಂತೆ ಹಳದಿ, ವಾಸನೆ ಬೀದಿ ತುಂಬ. ಆ ಪಟ್ಟಣದ ನದಿಗೆ ಹಬ್ಬದ ಮರುದಿನಗಳಲ್ಲಿ ಸಮುದ್ರದಿಂದ ಗೋಡೆಯಂಥ ತೆರೆ ಒಳನುಗ್ಗಿ ಬರುತ್ತದೆ. ಚಂದ್ರನ ಸೆಳೆತಕ್ಕೆ ಉಕ್ಕುವ ನೀರು ಅದು. ನೋಡಲು ಜನಸಾಗರ ಸೇರುತ್ತದೆ.

ಹತ್ತು ಸೂರ್ಯರ ಕಥೆ

ಚಂದ್ರನ ಬಗ್ಗೆ ಅವರು ಹೇಳುವ ಕಥೆ ಒಣಬೇಸಾಯದವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದಾನೊಂದು ಕಾಲಕ್ಕೆ ಆಕಾಶದಲ್ಲಿ ಹತ್ತು ಸೂರ್ಯರು ಒಟ್ಟಿಗೇ ಹುಟ್ಟಿಬಿಟ್ಟರಂತೆ. ಬೆಳೆ ಸುಟ್ಟಿತು, ನೀರು ಬತ್ತಿತು, ಜನ ಬಾಯಿ ಬಾಯಿ ಬಿಟ್ಟರು. ಹೌ ಯಿ ಎಂಬ ಬಿಲ್ಲುಗಾರ ಒಂಬತ್ತು ಸೂರ್ಯರನ್ನು ಹೊಡೆದು ಕೆಡವಿ ಒಂದನ್ನು ಉಳಿಸಿದ. ಅವನಿಗೆ ಸಾವಿಲ್ಲದ ಔಷಧ ಬಹುಮಾನ ಸಿಕ್ಕಿತು. ಹೆಂಡತಿ ಚಾಂಗ್‌ಎ ಅದನ್ನು ಕುಡಿದಳು. ಕಳ್ಳನ ಕೈಗೆ ಸಿಗಬಾರದೆಂದು ಕುಡಿದಳು ಅಂತ ಕೆಲವರು, ಆಸೆಗೆ ಕುಡಿದಳು ಅಂತ ಕೆಲವರು. ಕುಡಿದ ಕೂಡಲೇ ಹಗುರಾಗಿ ಹಾರಿ ಚಂದ್ರನನ್ನು ಸೇರಿದಳು. ಗಂಡ ಭೂಮಿಯಲ್ಲೇ ಉಳಿದ. ಹುಣ್ಣಿಮೆ ರಾತ್ರಿ ಅವಳಿಗೆ ಇಷ್ಟವಾದ ಹಣ್ಣು-ತಿಂಡಿ ಅಂಗಳದಲ್ಲಿ ಇಟ್ಟು ಮೇಲೆ ನೋಡುತ್ತ ಕೂತನಂತೆ.

ಅವಳ ಜೊತೆಗೆ ಚಂದ್ರನಲ್ಲಿ ಒಂದು ಮೊಲ ಇದೆ, ಒರಳಲ್ಲಿ ಔಷಧ ಕುಟ್ಟುತ್ತದೆ. ನಾವೂ ಚಂದ್ರನಲ್ಲಿ ಮೊಲ ಕಾಣುತ್ತೇವೆ. ಶಶಿ, ಶಶಾಂಕ ಅಂತ ಹೆಸರು ಬಂದದ್ದೇ ಅದರಿಂದ. ಚೀನಾದವರು 2013ರಲ್ಲಿ ಚಂದ್ರನ ಮೇಲೆ ಇಳಿಸಿದ ಗಾಡಿಗೆ 'ಹಸಿರುಗಲ್ಲಿನ ಮೊಲ' ಅನ್ನುವ ಅದೇ ಹೆಸರು ಇಟ್ಟರು. ಅದನ್ನು ಹೊತ್ತು ಹೋದ ನೌಕೆಗೆ ಚಾಂಗ್‌ಎ ಅಂತ ಹೆಸರು.

ಬಿಲ್ಲೆಯೊಳಗೆ ಏನಿದೆ

ಅದಕ್ಕೆ ಅವರು ಯುಯೆಬಿಂಗ್ ಅನ್ನುತ್ತಾರೆ, ಚಂದ್ರನ ರೊಟ್ಟಿ ಅಂತ ಅರ್ಥ. ಇಂಗ್ಲಿಷಿನಲ್ಲಿ ಮೂನ್‌ಕೇಕ್. ಹಿಟ್ಟಿನ ತೆಳು ಕಣಕ ಮಾಡಿ, ಒಳಗೆ ಹೂರಣ ತುಂಬಿ, ಕಟ್ಟಿಗೆ ಅಚ್ಚಿನಲ್ಲಿ ಒತ್ತಿ, ತಟ್ಟಿ ಬೀಳಿಸಿ, ಭಟ್ಟಿಯಲ್ಲಿ ಸುಡುತ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎರೆಯುವ ಕಟ್ಟಿಗೆ ಅಚ್ಚು ನಮ್ಮಲ್ಲಿ ಇದೆಯಲ್ಲ, ಆ ಜಾತಿಯ ಅಚ್ಚು. ಹೂರಣ ಊರಿಗೊಂದು ಥರ. ಕಮಲದ ಬೀಜ ಅರೆದದ್ದು, ಸಣ್ಣ ಕೆಂಪು ಕಾಳು ಬೇಯಿಸಿ ಸಕ್ಕರೆ ಹಾಕಿ ಅರೆದದ್ದು, ಐದು ಬಗೆಯ ಬೀಜಗಳದ್ದು. ಹಾಂಗ್‌ಝೌ, ಸುಝೌ ಕಡೆ ಮಾಂಸ ತುಂಬಿದ್ದೂ ಉಂಟು.

ನನ್ನ ಹೆಂಡತಿಗೆ ಇದು ಕೇಳಿ ಗಾಬರಿ. "ಯವ್ವಾ, ಇದರಾಗ ಏನೇನ್ ಹಾಕ್ಯಾರ ಮೊದಲ ಹೇಳು" ಅಂದಳು. ಕೆಲವದರಲ್ಲಿ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ ಭಂಡಾರ ಇಡುತ್ತಾರೆ, ಹುಣ್ಣಿಮೆ ಚಂದ್ರ ಕಂಡಂತೆ. ಕಣಕಕ್ಕೆ ಹಂದಿ ಕೊಬ್ಬು ಹಾಕುವುದೂ ಇದೆ. "ಚಿಗವ್ವಾ, ಅದೆಲ್ಲಾ ನೋಡೇ ತಂದೀನಿ, ಇದು ಬರೇ ಕಾಳು, ಎಣ್ಣಿದು" ಅಂತ ಹುಡುಗಿ ಆಣೆ ಮಾಡಿದ ಮೇಲೆ ಸಮಾಧಾನ ಆಯಿತು.

ದುಂಡಗೆ ಯಾಕೆ? ಚೀನೀ ಮಾತಿನಲ್ಲಿ ದುಂಡು ಅನ್ನುವ ಶಬ್ದವೂ ಮನೆಮಂದಿ ಕೂಡುವುದು ಅನ್ನುವ ಶಬ್ದವೂ ಒಂದಕ್ಕೊಂದು ಅಂಟಿಕೊಂಡಿವೆ. ಚಂದ್ರ ತುಂಬಿದ ದಿನ ಮನೆಯೂ ತುಂಬಿರಬೇಕು. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ ಅಲ್ಲ. ಒಂದೇ ಬಿಲ್ಲೆಯನ್ನು ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಸಮ ಹೋಳು ಮಾಡಬೇಕು. ಹಿಂದಿನಿಂದ ಬಂದ ರೂಢಿ ಏನೆಂದರೆ, ಹೊರ ಊರಿಗೆ ಹೋದವರನ್ನೂ ಲೆಕ್ಕಕ್ಕೆ ಹಿಡಿದು ಅವರ ಪಾಲೂ ತೆಗೆದಿಡಬೇಕು. ಅರಮನೆಯ ಪೂಜೆ, ಬಿಲ್ಲುಗಾರನ ಕಥೆ ಎಲ್ಲ ಒಂದು ಕಡೆ. ಹಬ್ಬದ ತಿರುಳು ಈ ಹೋಳಿನ ಲೆಕ್ಕದಲ್ಲಿದೆ ಅಂತ ನನ್ನ ಅನಿಸಿಕೆ.

ಸು ಷಿ ಎಂಬ ದೊಡ್ಡ ಕವಿ ಸರಕಾರಿ ಅಧಿಕಾರಿಯಾಗಿ ದೂರದ ಊರಲ್ಲಿದ್ದ. 1076ರ ಈ ಹುಣ್ಣಿಮೆ ರಾತ್ರಿ, ಎಷ್ಟೋ ವರ್ಷದಿಂದ ಮುಖ ಕಾಣದ ತಮ್ಮನನ್ನು ನೆನೆದು ಒಂದು ಹಾಡು ಬರೆದ. ಸಾವಿರ ವರ್ಷಕ್ಕೆ ಹತ್ತಿರ ಬಂದರೂ ಹಬ್ಬದ ದಿನ ಜನ ಅದನ್ನು ಹಾಡುತ್ತಾರೆ. ಅಣ್ಣ-ತಮ್ಮರ ಅಗಲಿಕೆ ಅಂದರೆ ಯಾವ ಊರಲ್ಲಿ ಅರ್ಥವಾಗುವುದಿಲ್ಲ?

ನಾಲ್ಕು ಮಂದಿಗೆ ಏಳು ಹೋಳು

ನಮ್ಮ ಹುಡುಗಿ 2023ರಲ್ಲಿ ಗೆಳತಿಯೊಬ್ಬಳ ಜೊತೆ ಅವಳ ಅಜ್ಜಿಯ ಹಳ್ಳಿಗೆ ಹಬ್ಬಕ್ಕೆ ಹೋಗಿದ್ದಳು. ಗುಡ್ಡದ ಊರು, ಭತ್ತ ಮತ್ತು ಚಹಾ ಬೆಳೆ. ಮನೆಗಳು ಪಕ್ಕಾ, ರಸ್ತೆ ಚೆಂದ. ಆದರೆ ಊರಲ್ಲಿ ಕಂಡವರೆಲ್ಲ ಮುದುಕರು, ಮಕ್ಕಳು. ನಡು ವಯಸ್ಸಿನವರು ಫ್ಯಾಕ್ಟರಿಗೆ, ಕಟ್ಟಡದ ಕೆಲಸಕ್ಕೆ ಪಟ್ಟಣ ಸೇರಿದ್ದರು. ರಾತ್ರಿ ಮೇಜಿಗೆ ಕೂತವರು ಅಜ್ಜ, ಅಜ್ಜಿ, ಇಬ್ಬರು ಹುಡುಗಿಯರು. ಅಜ್ಜಿ ಬಿಲ್ಲೆಯನ್ನು ಏಳು ಹೋಳು ಮಾಡಿದಳಂತೆ. ಉಳಿದ ಮೂರು ಹೋಳು ಮಗ, ಸೊಸೆ, ಸಣ್ಣ ಮಗನದು. ಒಂದು ಬಟ್ಟಲಲ್ಲಿಟ್ಟು ಮುಚ್ಚಿದಳು.

ಇದು ಒಂದು ಮನೆಯ ಕಥೆ ಅಲ್ಲ. 2024ರ ಲೆಕ್ಕದಂತೆ ಚೀನಾದಲ್ಲಿ ಹಳ್ಳಿಯ ಹೆಸರಿನಲ್ಲಿದ್ದು ಒಕ್ಕಲುತನ ಬಿಟ್ಟು ದುಡಿಯುವವರು ಸುಮಾರು 30 ಕೋಟಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಊರ ಸೀಮೆ ದಾಟಿ ಹೋದವರು. ಹೆಚ್ಚಿನ ಮನೆಗಳ ಸಾಗುವಳಿ ಎರಡು ಎಕರೆಗೂ ಕಡಿಮೆ. ಅಷ್ಟರಲ್ಲಿ ಬದುಕು ನಡೆಯುವುದಿಲ್ಲ. ಹೋಗುವುದು ಆಸೆಗಲ್ಲ, ಲೆಕ್ಕಕ್ಕೆ.

ಹಬ್ಬಕ್ಕೂ ಏಳು-ಬೀಳು ಇದ್ದವು. 1966ರಿಂದ ಹತ್ತು ವರ್ಷ ಹಳೆಯ ಪದ್ಧತಿಗಳೆಲ್ಲ ಬೇಡ ಅಂತ ಆ ದೇಶದಲ್ಲಿ ದೊಡ್ಡ ಚಳವಳಿ ನಡೆಯಿತು. ಚಂದ್ರನ ಪೂಜೆಯೂ ಮೂಲೆ ಸೇರಿತು. ಆಮೇಲೆ ಮೆಲ್ಲಗೆ ತಿರುಗಿ ಬಂತು. 2008ರಿಂದ ಸರಕಾರಿ ರಜೆ ಸಿಕ್ಕಿತು. ರಜೆ ಸಿಕ್ಕರೆ ಮಗ ಊರಿಗೆ ಬರಬಹುದು ಅಂತ ಎಷ್ಟು ಅಜ್ಜಿಯರು ಖುಷಿಪಟ್ಟಿರಬೇಡ!

ಪೇಟೆಯೂ ಬಿಡಲಿಲ್ಲ. ಬಿಲ್ಲೆಗಿಂತ ಡಬ್ಬಿಗೇ ಬೆಲೆ ಹೆಚ್ಚಾಯಿತು. ಸಾಹೇಬರಿಗೆ ದುಬಾರಿ ಡಬ್ಬಿ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ಬೆಳೆಯಿತು. 2013ರಲ್ಲಿ ಸರಕಾರದ ದುಡ್ಡಿನಲ್ಲಿ ಬಿಲ್ಲೆ ಕೊಂಡು ಹಂಚಬಾರದು ಅಂತ ಅಧಿಕಾರಿಗಳಿಗೆ ಕಟ್ಟಪ್ಪಣೆ ಆಯಿತು. 2022ರ ಆಗಸ್ಟಿನಿಂದ ಮೂರು ಪದರಕ್ಕಿಂತ ಹೆಚ್ಚು ಪೊಟ್ಟಣ ಕಟ್ಟಬಾರದು ಅಂತ ನಿಯಮ ಬಂತು. ಇದರಲ್ಲಿ ಕಾಳು ಬೆಳೆದವನ ಕೈಗೆ ಎಷ್ಟು ಬಂತೋ, ನಮಗೆ ಹೇಳಿಕೊಡಬೇಕಾಗಿಲ್ಲ.

2018ರಲ್ಲಿ ಚೀನಾ ಸರಕಾರ ಇನ್ನೊಂದು ದಿನ ಗೊತ್ತು ಮಾಡಿತು, ರೈತರ ಸುಗ್ಗಿ ಹಬ್ಬ. ಇದು ಚಂದ್ರನ ಲೆಕ್ಕದ್ದಲ್ಲ, 24 ಕಾಲಗಳಲ್ಲಿ ಹಗಲು-ರಾತ್ರಿ ಸಮ ಆಗುವ ದಿನದ್ದು. ಮೊದಲ ಸಲ 2018ರ ಸೆಪ್ಟೆಂಬರ್ 23ಕ್ಕೆ ನಡೆಯಿತು. ಮರುದಿನವೇ ಹುಣ್ಣಿಮೆ ಹಬ್ಬ ಇತ್ತು. ಸೂರ್ಯನದೂ ಚಂದ್ರನದೂ ಜೋಡಿ ಹಬ್ಬ. ರೈತನ ಹೆಸರಿನಲ್ಲಿ ಒಂದು ದಿನ ಇರುವುದು ಒಳ್ಳೆಯದೇ. ಆದರೆ ಮೇಲಿನಿಂದ ಬಂದ ಹಬ್ಬಕ್ಕೂ ಅಜ್ಜಿ ಮುಚ್ಚಿಟ್ಟ ಬಟ್ಟಲಿಗೂ ಫರಕು ಇದೆ.

ನಮ್ಮ ಮಾಳಿಗೆಯ ಮೇಲೆ

ಈಗ ನಮ್ಮ ಮನೆಯ ಮಾತು. 2025ರ ಆಗಸ್ಟಿನಲ್ಲಿ ಮಳೆ ಬಿಡದೆ ಹೊಡೆದು ನನ್ನ ಹೆಸರು ಗಿಡದಲ್ಲೇ ಮೊಳಕೆ ಒಡೆಯಿತು. ನಾಲ್ಕು ಎಕರೆಗೆ ಬೀಜದಷ್ಟೂ ಬರಲಿಲ್ಲ. ಮಗ ಮೂರು ವರ್ಷದಿಂದ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಇದ್ದಾನೆ. ಪ್ರತಿ ವರ್ಷ ಶೀಗಿ ಹುಣ್ಣಿಮೆಗೆ ಬರ್ತೀನಿ ಅನ್ನುತ್ತಾನೆ, ಬರುವುದು ಆಗುವುದಿಲ್ಲ.

ಅಕ್ಟೋಬರ್ 6ರ ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ ಕೂತೆವು. ಚಂದ್ರ ಜೋಳದ ರೊಟ್ಟಿಯಷ್ಟು ದುಂಡಗೆ ಮೇಲೆ ಬಂದಿದ್ದ. ಹುಡುಗಿ ಚಾಕು ಹಿಡಿದು, "ಕಾಕಾ, ಎಷ್ಟ್ ಮಂದಿ?" ಅಂದಳು.

ನಾನು ಕೂತವರನ್ನು ಎಣಿಸಿ "ಐದು" ಅಂದೆ.

ನನ್ನ ಹೆಂಡತಿ ಕೂತಲ್ಲಿಂದಲೇ "ಆರು" ಅಂದಳು.

ಯಾರೂ ಮಾತಾಡಲಿಲ್ಲ. ಹುಡುಗಿ ಆರು ಹೋಳು ಮಾಡಿದಳು. ರುಚಿ ಹೇಳಬೇಕೆಂದರೆ ಹೋಳಿಗೆಯ ಹೂರಣವನ್ನು ಗಟ್ಟಿ ಮಾಡಿದಂತೆ ಇತ್ತು. ನಾನು ಎರಡನೇ ಹೋಳಿಗೆ ಕೈ ಹಾಕಿದಾಗ, "ನಿಮಗ ಸಕ್ರಿ ಕಾಯಿಲೆ ಐತಿ, ಒಂದಕ್ಕ ಸಾಕು ಕಾಕಾ" ಅಂತ ಡಾಕ್ಟರಿಕೆ ತೋರಿಸಿದಳು. ಒಂದು ಇಡೀ ಬಿಲ್ಲೆ ತಿಂದರೆ ಒಂದು ಊಟ ತಿಂದಂತೆ, ಅಷ್ಟು ಸಕ್ಕರೆ-ಎಣ್ಣೆ. ಹಂಚಿ ತಿನ್ನುವುದರಲ್ಲಿ ಆರೋಗ್ಯದ ಲೆಕ್ಕವೂ ಇದೆ.

ಫೋನಿನಲ್ಲಿ ಮಗನಿಗೆ ಅವನ ಹೋಳು ತೋರಿಸಿದೆವು. "ಇಡ್ರಿ, ದೀಪಾವಳಿಗೆ ಬರ್ತೀನಿ" ಅಂದ. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಸಜ್ಜಿ ರೊಟ್ಟಿ, ಕಡಬು, ಪಲ್ಯ ಭೂಮಿತಾಯಿಗೆ ಕೊಟ್ಟು, ನಾವೂ ಬದುವಿನ ಮೇಲೆ ಕೂತು ಉಂಡೆವು. ಆಗ ನನಗೆ ಹೊಳೆದದ್ದು ಇಷ್ಟು. ಚರಗ ಅಂದರೂ ಪಾಲು ತೆಗೆದಿಡುವುದೇ. ನಾವು ಭೂಮಿಯ ಪಾಲು, ಹಕ್ಕಿ-ಹುಳದ ಪಾಲು ತೆಗೆಯುತ್ತೇವೆ. ಅವರು ಮನೆ ಬಿಟ್ಟು ಹೋದವರ ಪಾಲು ತೆಗೆಯುತ್ತಾರೆ. ಎರಡೂ ಸುಗ್ಗಿಯ ಲೆಕ್ಕದಲ್ಲಿ ಬಿಟ್ಟುಹೋಗುವವರನ್ನು ಸೇರಿಸಿಕೊಳ್ಳುವ ಪದ್ಧತಿ.

ಮಗ ದೀಪಾವಳಿಗೆ ಬಂದ. ಹೋಳು ಕಲ್ಲಿನಂತೆ ಗಟ್ಟಿಯಾಗಿತ್ತು. ಚಹಾದಲ್ಲಿ ಅದ್ದಿಕೊಂಡು ತಿಂದ. ಎರಡು ದಿನ ಇದ್ದು ಕಡಲೆ ಎಡೆ ಹೊಡೆಯಲು ಕೈ ಕೊಟ್ಟು ಹೋದ. ಅವನು ಇಲ್ಲೇ ಉಳಿಯುತ್ತಾನೆ ಅಂತ ನಾನು ಹೇಳುವುದಿಲ್ಲ, ಉಳಿ ಅಂತ ಹೇಳುವ ಧೈರ್ಯವೂ ನನಗಿಲ್ಲ. ಆದರೆ ಹೋಗುವಾಗ, "ಮುಂದಿನ ಸಲ ನನ್ನ ಪಾಲು ನೀವು ತಿನ್ನಬ್ಯಾಡ್ರಿ" ಅಂದ.

ಓದುಗರಲ್ಲಿ ಒಂದು ವಿನಂತಿ. ಇದೇ ಶೀಗಿ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಅನ್ನುತ್ತಾರೆ. ನಿಮ್ಮ ಕಡೆ ಯಾರ ಪಾಲು ತೆಗೆಯುತ್ತೀರಿ, ಏನು ಅಡಿಗೆ, ಆ ಹೊತ್ತಿಗೆ ಯಾವ ಮಳೆ ಇರುತ್ತದೆ, ಇಬ್ಬನಿ ಯಾವಾಗ ಬೀಳಲು ಶುರುವಾಗುತ್ತದೆ, ಇದನ್ನು ಒಂದು ಕಾರ್ಡಿನಲ್ಲಾದರೂ ಪತ್ರಿಕೆಗೆ ಬರೆಯಿರಿ. ಅಕ್ಷರ ಸೊಟ್ಟ ಇದ್ದರೆ ಚಿಂತೆ ಇಲ್ಲ. ನನ್ನದೂ ಸೊಟ್ಟಕ್ಷರವೇ.